ಟೀಚರ್, ಒಂದು ಮಾತು ಕೇಳಲೇ?

ಜೂನ್ ಬಂತೆಂದರೆ ನನಗೆ ಬರುವ ಅಂಚೆಯಲ್ಲಿ ಹೊಸ ಟೀಚರುಗಳ ಪತ್ರವೇ ಹೆಚ್ಚು. ಈ ಸಲ ನಾಲ್ಕು ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಊರು ಬೇರೆ, ಶಾಲೆ ಬೇರೆ. ಆದರೆ ಎಲ್ಲರೂ ಸುತ್ತಿ ಬಳಸಿ ಕೇಳಿದ್ದು ಒಂದನ್ನೇ: ತರಗತಿಯಲ್ಲಿ ಏನು ಮಾಡಬೇಕು ಎಂದು ನಿರ್ಧರಿಸುವವರು ಯಾರು? ಬರೆದವರ ಹೆಸರನ್ನೂ ಶಾಲೆಗಳ ಹೆಸರನ್ನೂ ತೆಗೆದಿದ್ದೇನೆ. ಮುಂಬಯಿಯ ಎರಡು ಶಾಲೆಗಳಲ್ಲಿ 34 ವರ್ಷ ಪಾಠ ಹೇಳಿದವಳು ನಾನು. ಕಂಡದ್ದನ್ನು ಹೇಳುತ್ತೇನೆ.

ಟೀಚರಿಗೆ ನಮಸ್ಕಾರ. ಬಿ.ಎಡ್. ಮುಗಿಸಿ ಕಳೆದ ಜೂನ್‌ನಲ್ಲಿ ನವಿ ಮುಂಬಯಿಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿದೆ. ಐದನೆಯ ತರಗತಿಗೆ ಗಣಿತ. ಪಾಠದ ಪ್ಲ್ಯಾನ್ ಹೆಡ್ ಆಫೀಸಿನಿಂದ ಟ್ಯಾಬಿಗೆ ಬರುತ್ತದೆ. ಯಾವ ದಿನ ಯಾವ ಪುಟ, ಯಾವ ಪ್ರಶ್ನೆ ಕೇಳಬೇಕು, ಎಲ್ಲ ಅದರಲ್ಲೇ. ಆರು ಡಿವಿಷನ್‌ಗೂ ಒಂದೇ ದಿನ ಒಂದೇ ಪುಟ. ಭಿನ್ನರಾಶಿ ನನ್ನ ಮಕ್ಕಳ ತಲೆಗೆ ಹೋಗಲಿಲ್ಲವೆಂದು ಎರಡು ದಿನ ಹೆಚ್ಚು ತೆಗೆದುಕೊಂಡೆ, ಡಬ್ಬಿಯ ಚಪಾತಿ ತುಂಡು ಮಾಡಿಸಿ ಕಲಿಸಿದೆ. ಕೋಆರ್ಡಿನೇಟರ್ ಮೇಡಂ ಎಲ್ಲರ ಎದುರಿಗೆ 'ನಿಮ್ಮ ಡಿವಿಷನ್ ಎರಡು ಪುಟ ಹಿಂದೆ ಬಿದ್ದಿದೆ' ಎಂದರು. ಈಗ ಪುಟ ಮುಗಿಸುತ್ತೇನೆ. ಮಕ್ಕಳ ಮುಖ ನೋಡುವುದು ಬಿಟ್ಟಿದ್ದೇನೆ. ಕೆಲಸ ಬಿಡೋಣವೆಂದರೆ ಮನೆಯ ಸಾಲ ಇದೆ. — ಹೆಸರು ಬೇಡ, ಡೊಂಬಿವಲಿ

ಮಗಳೇ, ನಿನ್ನ ಪತ್ರದಲ್ಲಿ ನನ್ನ ಎದೆಗೆ ನಾಟಿದ ಸಾಲು ಪುಟ ಹಿಂದೆ ಬಿದ್ದದ್ದಲ್ಲ, ಮಕ್ಕಳ ಮುಖ ನೋಡುವುದು ಬಿಟ್ಟದ್ದು. ಒಂದು ವರ್ಷದಲ್ಲೇ ಅದನ್ನು ಗುರುತಿಸಿದ್ದೀಯಲ್ಲ, ಅದೇ ದೊಡ್ಡದು. ನನಗೆ ಅದು ತಿಳಿಯಲು ಹದಿನೈದು ವರ್ಷ ಬೇಕಾಯಿತು.

1984ರಲ್ಲಿ ವಡಾಲದ ಕಡೆಯ ಒಂದು ಕನ್ನಡ ಶಾಲೆಗೆ ಸೇರಿದೆ. ಮೂರನೆಯ ತರಗತಿ, 48 ಮಕ್ಕಳು. ಸೇರಿ ಎರಡು ವಾರ ಆಗಿರಲಿಲ್ಲ, ಹೆಡ್‌ಮಾಸ್ತರರು ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ನನ್ನ ಕೈಯ ಚಾಕ್‌ಪೀಸ್ ಎರಡು ಸಲ ಮುರಿಯಿತು. ಕಳೆಯುವ ಲೆಕ್ಕ, ದಶಕ ತೆಗೆದುಕೊಳ್ಳುವುದು. ಗಂಟೆ ಹೊಡೆದ ಮೇಲೆ ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವರು ಕೇಳಿದ್ದು ಇಷ್ಟು: "ಮೂರನೆಯ ಬೆಂಚಿನ ಹುಡುಗಿ ಕೈ ಎತ್ತಿ ಮತ್ತೆ ಇಳಿಸಿದಳಲ್ಲ, ಏನು ಹೇಳಬೇಕೆಂದಿದ್ದಳು?" ನಾನು ಅವಳು ಕೈ ಎತ್ತಿದ್ದನ್ನೇ ನೋಡಿರಲಿಲ್ಲ. "ನಾಳೆ ಕೇಳಿ. ನನಗೂ ಹೇಳಿ" ಎಂದು ಹೋದರು.

ಮರುದಿನ ಕೇಳಿದೆ. ಹುಡುಗಿಯ ಅಪ್ಪ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವರು. "ಅಪ್ಪ ಕಳೆಯುವುದೇ ಇಲ್ಲ ಟೀಚರ್, ಕೂಡಿಸುತ್ತಾರೆ" ಎಂದಳು. ಬಿಲ್ಲು 7 ರೂಪಾಯಿ 40 ಪೈಸೆ, ಗಿರಾಕಿ 10ರ ನೋಟು ಕೊಟ್ಟ. ಅಪ್ಪ ಮೊದಲು 10 ಪೈಸೆ ಇಡುತ್ತಾರೆ, ಏಳೂವರೆ. ಆಮೇಲೆ ಎಂಟಾಣೆ, ಎಂಟು. ಆಮೇಲೆ ಎರಡು ರೂಪಾಯಿ, ಹತ್ತು. ಅಪ್ಪ ಇಟ್ಟದ್ದು ಎಷ್ಟೋ ಅಷ್ಟು ಚಿಲ್ಲರೆ. ಆ ಹುಡುಗಿಯನ್ನೇ ಬೋರ್ಡಿನ ಹತ್ತಿರ ನಿಲ್ಲಿಸಿ ಇಡೀ ತರಗತಿಗೆ ಹೇಳಿಸಿದೆ. ಪುಸ್ತಕದ ದಾರಿಯನ್ನೂ ಕಲಿಸಿದೆ, ಹೋಟೆಲಿನ ದಾರಿಯನ್ನೂ. ಹೆಡ್‌ಮಾಸ್ತರರು ಲಾಗ್‌ಬುಕ್ಕಿನಲ್ಲಿ ಬರೆದರು: "ಕಳೆಯುವುದಕ್ಕೆ ಇನ್ನೊಂದು ದಾರಿ. ಉಳಿದವರೂ ಹೋಗಿ ನೋಡಬೇಕು." ನನಗೆ ಆಗ 22 ವರ್ಷ. ತರಗತಿಯಲ್ಲಿ ನಾನು ನಿರ್ಧಾರ ತೆಗೆದುಕೊಳ್ಳಬಹುದು ಎಂದು ಯಾರೂ ನನಗೆ ಭಾಷಣ ಮಾಡಲಿಲ್ಲ. ಆ ಒಂದು ಪ್ರಶ್ನೆಯೇ ಕಲಿಸಿತು.

1993ರಲ್ಲಿ ದೊಡ್ಡ ಶಾಲೆಯೊಂದಕ್ಕೆ ಬಂದೆ. ನಾಲ್ಕು ಡಿವಿಷನ್, ಎಲ್ಲರೂ ಒಂದೇ ನೋಟ್ಸ್ ಬರೆಸಬೇಕು. ಸೂಪರ್‌ವೈಸರ್ ಶನಿವಾರ ವಹಿಗಳನ್ನು ತರಿಸಿ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಮೊದಲ ವರ್ಷ ಕಷ್ಟಪಟ್ಟೆ, ಎರಡನೆಯ ವರ್ಷ ಒಗ್ಗಿಕೊಂಡೆ, ಐದನೆಯ ವರ್ಷಕ್ಕೆ ಅದೇ ಸರಿ ಎನ್ನಿಸತೊಡಗಿತ್ತು. 1999ರ ಚಳಿಗಾಲದಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು, "ಟೀಚರ್, ಶಿವಡಿಯ ಖಾಡಿಗೆ ಫ್ಲೆಮಿಂಗೋ ಬಂದಿವೆಯಂತೆ. ಪಕ್ಷಿಗಳ ಪಾಠಕ್ಕೆ ನಾಲ್ಕನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಲೇ? ಇಳಿತದ ಹೊತ್ತು ಕೇಳಿಕೊಂಡು ಬಂದಿದ್ದೇನೆ, ಕೆಸರಿನ ಮೇಲೆ ಕಾಣುತ್ತವಂತೆ" ಎಂದಳು. ಕಣ್ಣು ಮಿನುಗುತ್ತಿತ್ತು. ನಾನು ತಲೆ ಎತ್ತದೆ ಹೇಳಿದೆ: "ಮೊದಲು ಪೋರ್ಷನ್ ಮುಗಿಸಮ್ಮ." ಅವಳು ಆಮೇಲೆ ನನ್ನನ್ನು ಏನೂ ಕೇಳಲಿಲ್ಲ. ನೋಟ್ಸ್ ಚೆನ್ನಾಗಿಯೇ ಬರೆಸುತ್ತಿದ್ದಳು.

ಆ ಮಾತು ನನ್ನ ಬಾಯಿಂದ ಬಂದದ್ದು ಹೇಗೆ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಕಳೆಯುವ ಲೆಕ್ಕವನ್ನು ಹೋಟೆಲಿನ ಗಲ್ಲಾದಿಂದ ತಂದವಳೂ ನಾನೇ, ಫ್ಲೆಮಿಂಗೋ ಬೇಡವೆಂದವಳೂ ನಾನೇ. ನಡುವೆ ಬದಲಾದದ್ದು ಶಾಲೆ. ನಿಮ್ಮ ಕೋಆರ್ಡಿನೇಟರ್ ಮೇಡಂ ಮೇಲೆ ನಿನಗೆ ಕೋಪ ಇರುವುದು ಸಹಜ, ಆದರೆ ಅವರೂ ಒಂದು ಕಾಲಕ್ಕೆ ಚಪಾತಿ ತುಂಡು ಮಾಡಿಸಿದವರೇ ಇರಬಹುದು. ಅವರಿಗೆ ಮೇಲಿನವರು ಕೇಳುವುದೂ ಪುಟದ ಲೆಕ್ಕವನ್ನೇ.

ಇನ್ನು ನೀನು ಮಾಡುವುದೇನು? ಈಗಲೇ ಕೆಲಸ ಬಿಡಬೇಡ, ಸಾಲ ಇರುವಾಗಂತೂ ಬೇಡ. ನೂರು ಪುಟದ ಒಂದು ವಹಿ ತೆಗೆದುಕೋ. ಠಾಣೆಯಲ್ಲಿ ಗಾಡಿ ಬದಲಿಸುವಾಗ ಸಿಗುವ ಹತ್ತು ನಿಮಿಷ ಸಾಕು. ತಾರೀಕು, ಪ್ಲ್ಯಾನಿನಲ್ಲಿ ಏನಿತ್ತು, ಯಾವ ಮಗು ಏನಂದಿತು, ನಾನೇನು ಬದಲಿಸಿದೆ, ಮರುದಿನ ಏನಾಯಿತು, ಇಷ್ಟೇ ಬರೆ. ಟ್ಯಾಬು ಪುಟವನ್ನು ನಿರ್ಧರಿಸುತ್ತದೆ, ಆದರೆ ಯಾರನ್ನು ಮೊದಲು ಕೇಳಬೇಕು, ತಪ್ಪು ಉತ್ತರ ಬಂದಾಗ "ಹೇಗೆ ಹೊಳೆಯಿತು, ಹೇಳು" ಎನ್ನಬೇಕೋ ಮುಂದಿನವನತ್ತ ಕೈ ತೋರಿಸಬೇಕೋ, ಇದನ್ನು ಯಾವ ಹೆಡ್ ಆಫೀಸೂ ನಿರ್ಧರಿಸಲಾರದು. ಅಷ್ಟು ಜಾಗ ನಿನ್ನದು. ಮೊದಲು ಅದನ್ನು ಬಿಟ್ಟುಕೊಡಬೇಡ.

ಮೇಡಂ ಹತ್ತಿರ ಹೋಗುವಾಗ ದೂರು ತೆಗೆದುಕೊಂಡು ಹೋಗಬೇಡ, ಮಕ್ಕಳ ಉತ್ತರ ತೆಗೆದುಕೊಂಡು ಹೋಗು. ಮೂರನೆಯ ಒಂದು ಭಾಗ ದೊಡ್ಡದೋ, ನಾಲ್ಕನೆಯ ಒಂದು ಭಾಗ ದೊಡ್ಡದೋ ಎಂದು ಕೇಳಿ ಬರೆಸು. ಮೂರಕ್ಕಿಂತ ನಾಲ್ಕು ದೊಡ್ಡದು, ಹಾಗಾಗಿ ನಾಲ್ಕನೆಯ ಭಾಗವೇ ದೊಡ್ಡದು ಎಂದು ತಪ್ಪು ಬರೆಯುವವರು ಎಲ್ಲ ಡಿವಿಷನ್‌ಗಳಲ್ಲೂ ಇರುತ್ತಾರೆ. ಪಕ್ಕದ ಡಿವಿಷನ್‌ನ ಒಬ್ಬರನ್ನಾದರೂ ಜೊತೆ ಮಾಡಿಕೊಂಡು ಇಬ್ಬರ ಕಾಗದಗಳನ್ನೂ ಮೇಜಿನ ಮೇಲಿಟ್ಟು, "ವಾರಕ್ಕೆ ಒಂದು ಪಿರಿಯಡ್ ಇದಕ್ಕೆ ಕೊಡಿ" ಎಂದು ಕೇಳಿ. ಬಲಕ್ಕೆ ಕಾಯಿದೆಯೂ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 24ನೆಯ ಕಲಂ ಪಠ್ಯವನ್ನು ಹೊತ್ತಿಗೆ ಸರಿಯಾಗಿ ಮುಗಿಸಬೇಕೆಂದು ಹೇಳುತ್ತದೆ. ಅದೇ ಕಲಂ ಪ್ರತಿ ಮಗುವಿನ ಕಲಿಕೆಯನ್ನು ಅಳೆದು ಬೇಕಾದವರಿಗೆ ಹೆಚ್ಚಿಗೆ ಹೇಳಿಕೊಡಬೇಕೆಂದೂ ಹೇಳುತ್ತದೆ. ಶಾಲೆಗಳು ಮೊದಲನೆಯದನ್ನು ಗೋಡೆಗೆ ಅಂಟಿಸುತ್ತವೆ, ಎರಡನೆಯದನ್ನು ನಾವೇ ನೆನಪಿಸಬೇಕು.

ಇನ್ನೊಂದು ವರ್ಷ ನೋಡು. ಆ ವರ್ಷದಲ್ಲಿ ಶಾಲೆಯ ಒಬ್ಬರೂ ನಿನ್ನ ಹತ್ತಿರ ಒಂದು ಮಗುವಿನ ವಿಷಯ ಮಾತಾಡದಿದ್ದರೆ, ಬೇರೆ ಶಾಲೆ ಹುಡುಕಲು ಶುರು ಮಾಡು. ಆ ವಹಿ ಜೊತೆಗಿರಲಿ.

ನಮಸ್ಕಾರ್ರೀ ಟೀಚರ್. ನಾನು ಸಾಂಗಲಿ ಜಿಲ್ಲೆಯ ಜತ್ ತಾಲ್ಲೂಕಿನವ. ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಶಿಕ್ಷಣ ಸೇವಕ, ಎಂದರೆ ಮೊದಲ ಮೂರು ವರ್ಷ ಗೌರವಧನದ ಮೇಲೆ ದುಡಿಯುವ ಶಿಕ್ಷಕ. ನನ್ನದು ಇನ್ನೂ ಮೊದಲ ವರ್ಷ. ಒಂದರಿಂದ ಐದರವರೆಗೆ ಸೇರಿಸಿ 41 ಮಕ್ಕಳು, ಇಬ್ಬರು ಶಿಕ್ಷಕರು. ಹಿರಿಯರು ಆಫೀಸ್ ಕೆಲಸದಲ್ಲೇ ಇರುತ್ತಾರೆ, ಬರುವ ವರ್ಷ ನಿವೃತ್ತಿ. ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಗೆಳೆಯರು 'ನಿನಗೇನಪ್ಪಾ, ಪೂರ್ತಿ ಸ್ವಾತಂತ್ರ್ಯ' ಎನ್ನುತ್ತಾರೆ. ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಮಾಡುತ್ತಿರುವುದು ಸರಿಯೋ ತಪ್ಪೋ ಹೇಳುವವರೇ ಇಲ್ಲ. — ಓದುಗ, ಮುಂಬಯಿ

ತಮ್ಮಾ, ನಿಮ್ಮ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ. ಈಜು ಬಾರದವನನ್ನು ನೀರಿಗೆ ಬಿಟ್ಟು ದಡದಲ್ಲಿ ಯಾರೂ ಇಲ್ಲದಿದ್ದರೆ ಅದಕ್ಕೆ ಸ್ವಾತಂತ್ರ್ಯ ಎನ್ನುವುದಿಲ್ಲ. ಡೊಂಬಿವಲಿಯ ಹುಡುಗಿಯನ್ನು ಕಟ್ಟಿಹಾಕಿದ್ದಾರೆ, ನಿಮ್ಮನ್ನು ಕೈಬಿಟ್ಟಿದ್ದಾರೆ. ಎರಡರಿಂದಲೂ ಆಗುವ ನಷ್ಟ ಒಂದೇ, ತನ್ನ ತೀರ್ಮಾನದ ಮೇಲೆ ತನಗೇ ನಂಬಿಕೆ ಬೆಳೆಯುವುದಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಇದನ್ನು ಬರೆದರು. ಶಾಲೆಯನ್ನು ಅವರು ಮೊಟ್ಟೆಯ ಟ್ರೇಗೆ ಹೋಲಿಸಿದರು. ಒಂದೊಂದು ಗುಳಿಯಲ್ಲಿ ಒಬ್ಬೊಬ್ಬ ಶಿಕ್ಷಕ, ಒಬ್ಬರದು ಒಬ್ಬರಿಗೆ ತಾಗದು. ಅವರ ಇನ್ನೊಂದು ಮಾತು ನಿಮಗೆ ಮುಖ್ಯ. ನಾವೆಲ್ಲ ಕೆಲಸಕ್ಕೆ ಸೇರುವ ಮೊದಲೇ ಹತ್ತಾರು ವರ್ಷ ಬೆಂಚಿನ ಮೇಲೆ ಕುಳಿತು ಮಾಸ್ತರರನ್ನು ನೋಡಿರುತ್ತೇವೆ. ದಿಕ್ಕು ತೋಚದಾಗ ಕೈ ತಾನಾಗಿ ಅವರ ಹಾಗೆ ಹೋಗುತ್ತದೆ. ನೀವು ಏಕಾಂಗಿಯಾದಷ್ಟೂ ನಿಮ್ಮೂರ ಶಾಲೆಯ ಮಾಸ್ತರರು ನಿಮ್ಮೊಳಗಿಂದ ಪಾಠ ಹೇಳುತ್ತಾರೆ. ಅವರು ಒಳ್ಳೆಯವರೇ ಇದ್ದಿರಬಹುದು. ಆದರೆ ಅವರ ಮುಂದೆ ಇದ್ದದ್ದು ಜೋಳದ ಹೊಲದಿಂದ ಬಂದ ಮಕ್ಕಳು. ನಿಮ್ಮ ಮುಂದಿರುವ ಮಗು ಮನೆಯಲ್ಲಿ ತುಳು, ಚಾಳಿಯಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ ಮಾತಾಡಿ, ಪುಸ್ತಕದಲ್ಲಿ ಮಾತ್ರ ಕನ್ನಡ ನೋಡುತ್ತದೆ. ಅದರ ಮೇಲೆ ನಿಮ್ಮ ಜತ್ ಕಡೆಯ ಕನ್ನಡ. "ಹಂಗಂದ್ರೇನ್ರೀ ಸರ್?" ಎಂದು ಮಗು ಕೇಳಿದರೆ ಪಾಠ ಬಂತು ಎಂದೇ ತಿಳಿಯಿರಿ. ಕೇಳದೆ ಸುಮ್ಮನಿದ್ದರೆ ಚಿಂತೆ ಮಾಡಿ. ಯಾವ ಮಾತನ್ನು ತುಳುವಿನಿಂದ ಎತ್ತಿಕೊಳ್ಳಬೇಕು, ಯಾವುದನ್ನು ಮರಾಠಿಯಿಂದ, ಎಲ್ಲಿ ಪುಸ್ತಕದ ಕನ್ನಡವನ್ನೇ ಹಿಡಿದು ನಿಲ್ಲಬೇಕು, ಇದನ್ನು ನಿಮ್ಮ ಬದಲು ಬೇರೆ ಯಾರೂ ನಿರ್ಧರಿಸಲಾರರು. ಆದರೆ ನಿರ್ಧರಿಸಿದ್ದನ್ನು ಇನ್ನೊಬ್ಬರಿಗೆ ತೋರಿಸಲೇಬೇಕು.

ಯಾರಿಗೆ ತೋರಿಸುವುದು? ನಮ್ಮ ಕನ್ನಡ ಶಾಲೆಗಳ ಪುಸ್ತಕಗಳು ಪುಣೆಯ ಬಾಲಭಾರತಿ ಎಂಬ ರಾಜ್ಯದ ಪಠ್ಯಪುಸ್ತಕ ಮಂಡಳಿಯಿಂದ ಬರುತ್ತವೆ. ನೀವು ಮುಂಬಯಿಯಲ್ಲಿ ಹೇಳುವ ಪಾಠವನ್ನೇ ಜತ್ತಿನಲ್ಲಿ, ಅಕ್ಕಲಕೋಟೆಯಲ್ಲಿ, ದಕ್ಷಿಣ ಸೋಲಾಪುರದಲ್ಲಿ ನಿಮ್ಮ ಜೊತೆ ಓದಿದವರು ಹೇಳುತ್ತಿರುತ್ತಾರೆ. ಮೂರು ಜನ ಸಾಕು. ಭಾನುವಾರ ಸಂಜೆ ಫೋನಿನಲ್ಲಿ ಒಂದೇ ಪಾಠ ಹಿಡಿಯಿರಿ: ನೀನು ಎಲ್ಲಿಂದ ಶುರು ಮಾಡಿದೆ, ಮಕ್ಕಳು ಎಲ್ಲಿ ಎಡವಿದರು? ಜಪಾನಿನ ಶಾಲೆಗಳಲ್ಲಿ ಇದನ್ನೇ ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಕೆಲವರು ಸೇರಿ ಒಂದು ಪಾಠ ಹೆಣೆಯುತ್ತಾರೆ, ಒಬ್ಬರು ಹೇಳುತ್ತಾರೆ, ಉಳಿದವರು ಹಿಂದೆ ನಿಂತು ಮಕ್ಕಳನ್ನು ನೋಡುತ್ತಾರೆ, ಆಮೇಲೆ ಪಾಠದ ಬಗ್ಗೆ ಮಾತಾಡುತ್ತಾರೆ. ಹೇಳಿದವರ ತಪ್ಪು ಹುಡುಕುವ ಕೂಟ ಅದಲ್ಲ.

ನಿಮ್ಮ ಹಿರಿಯರನ್ನೂ ಬಿಡಬೇಡಿ. 60 ಮಕ್ಕಳವರೆಗೆ ಇಬ್ಬರೇ ಶಿಕ್ಷಕರೆಂಬುದು ಕಾಯಿದೆಯ ಲೆಕ್ಕ, ಅದರಲ್ಲಿ ಒಬ್ಬರು ಆಫೀಸಿಗೆ ಹೋದರೆ ಐದು ತರಗತಿಯೂ ಒಬ್ಬರ ತಲೆಯ ಮೇಲೆ. ಅವರು ಅದನ್ನು ಇಷ್ಟು ವರ್ಷ ಮಾಡಿದ್ದಾರಲ್ಲ. ನಾಲ್ಕು, ಐದನೆಯವರನ್ನು ಲೆಕ್ಕಕ್ಕೆ ಕೂರಿಸಿ ಒಂದನೆಯವರಿಗೆ ಅಕ್ಷರ ಹೇಳುವಾಗ ಎಲ್ಲಿ ನಿಲ್ಲುತ್ತಿದ್ದರು ಎಂದು ಕೇಳಿ. "ಸರ್, ಒಂದು ದಿನ ನೀವು ಹೇಳಿ, ನಾನು ನೋಡುತ್ತೇನೆ" ಎಂದರೆ ನಿವೃತ್ತಿಯ ಹೊಸ್ತಿಲಲ್ಲಿರುವ ಯಾವ ಮಾಸ್ತರರೂ ಇಲ್ಲ ಎನ್ನುವುದಿಲ್ಲ.

ಒಬ್ಬರ ವಿಷಯ ಹೇಳುತ್ತೇನೆ. ಚಿಕ್ಕ ಮಕ್ಕಳ ಶಿಕ್ಷಣಕ್ಕೆ ದುಡಿದ ತಾರಾಬಾಯಿ ಮೋಡಕ್ 1892ರಲ್ಲಿ ನಮ್ಮ ಮುಂಬಯಿಯಲ್ಲೇ ಹುಟ್ಟಿದವರು. ಬೋರ್ಡಿ ಎಂಬ ಹಳ್ಳಿಯಲ್ಲಿ ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ಅವರು ಬಾಲವಾಡಿಯನ್ನೇ ಮಕ್ಕಳ ಅಂಗಳಕ್ಕೆ ಎತ್ತಿಕೊಂಡು ಹೋದರು, ಅಂಗಣವಾಡಿ ಎಂದರು. ಅಂಥ ಧೈರ್ಯ ಅವರಿಗೆ ಒಂಟಿಯಾಗಿ ಬಂದದ್ದಲ್ಲ. ಬೋರ್ಡಿಗೆ ಬಂದದ್ದು 1945ರಲ್ಲಿ. ಅದಕ್ಕೂ ಮೊದಲು ಗುಜರಾತಿನ ಭಾವನಗರದಲ್ಲಿ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದರು. ಅಲ್ಲಿ ದಿನವೂ ಮಾಡಿ ನೋಡುವುದು, ಕೆಟ್ಟರೆ ಕೂತು ಮಾತಾಡುವುದು ನಡೆದಿತ್ತು.

ನಿಮ್ಮ 16,000 ರೂಪಾಯಿ ಗೌರವಧನದಲ್ಲಿ ಮುಂಬಯಿಯ ಖೋಲಿ ಬಾಡಿಗೆ ಕೊಟ್ಟು ಬದುಕುವ ಕಷ್ಟ ಗೊತ್ತು. 2023ಕ್ಕೆ ಮೊದಲು ಅದು 6,000 ಇತ್ತು. ಮೂರು ವರ್ಷ "ಸೇವಕ" ಎನ್ನಿಸಿಕೊಂಡವನಿಗೆ ಇದು ನನ್ನ ತರಗತಿ ಎನ್ನಲು ನಾಲಿಗೆ ತಡೆಯುತ್ತದೆ. ಆ ಹೆಸರು ನನಗೆ ಮೊದಲಿಂದಲೂ ಹಿಡಿಸಿಲ್ಲ. ನಿಮ್ಮ 41 ಮಕ್ಕಳಿಗೆ ನೀವು ಸರ್, ಅಷ್ಟೇ.

ಟೀಚರ್, ಪುಣೆಯ ಶಾಲೆಯೊಂದರ ಮುಖ್ಯಾಧ್ಯಾಪಿಕೆ ನಾನು. ಹೊಸ ಟೀಚರ್ ಒಬ್ಬರು ಟಾಚಣ (ಪಾಠದ ಟಿಪ್ಪಣಿ) ಸರಿಯಾಗಿ ಬರೆಯುವುದಿಲ್ಲ, ಬೆಂಚುಗಳನ್ನು ದುಂಡಗೆ ಇಡುತ್ತಾರೆ, ತರಗತಿಯಲ್ಲಿ ಗದ್ದಲ. ಪಾಲಕರ ದೂರು ಬಂದಿದೆ. ಹೊಸಬರಿಗೆ ಎಷ್ಟು ಸ್ವಾತಂತ್ರ್ಯ ಕೊಡಬೇಕು?

ಅಮ್ಮಾ, ಎಷ್ಟು ಎಂದು ಅಳೆದು ಕೊಡುವ ವಸ್ತು ಅದಲ್ಲ. ನೀವು ಏನನ್ನು ಕೇಳುತ್ತೀರೋ ಅದು ಬೆಳೆಯುತ್ತದೆ. ಟಾಚಣದ ಖಾನೆ ತುಂಬಿದೆಯೇ ಎಂದು ಕೇಳಿದರೆ ಖಾನೆ ತುಂಬುವವರು ತಯಾರಾಗುತ್ತಾರೆ. ಬೆಂಚು ದುಂಡಗೆ ಏಕಿಟ್ಟಿರಿ, ಅದರಿಂದ ಯಾರಿಗೆ ಏನಾಯಿತು ಎಂದು ಕೇಳಿ. ಉತ್ತರ ಇದ್ದರೆ ಗದ್ದಲ ಇರಲಿ. ಉತ್ತರ ಇಲ್ಲದಿದ್ದರೆ ಎರಡು ವಾರ ಬಿಟ್ಟು ಅದನ್ನೇ ಮತ್ತೆ ಕೇಳಿ. ಆದರೆ ಕೆಲವು ವಿಷಯ ಚೌಕಾಸಿಗೆ ಇಲ್ಲ. ಮಗುವಿನ ಮೇಲೆ ಕೈ ಮಾಡಬಾರದು, ಮನಸ್ಸು ನೋಯಿಸಬಾರದು, ಅಂಕ ಸುಳ್ಳಾಗಬಾರದು, ಓದಲು ಬಾರದ ಮಗು ಹಿಂದೆ ಉಳಿಯಬಾರದು. ಇದನ್ನು ಮೊದಲ ದಿನವೇ ಹೇಳಿಬಿಡಿ.

ಪಾಲಕರ ಮುಂದೆ ಹೊಸ ಟೀಚರ್ ಪರ ನಿಲ್ಲಿ. ಹೇಳುವುದಿದ್ದರೆ ನಿಮ್ಮ ಕೋಣೆಯ ಬಾಗಿಲು ಹಾಕಿ ಹೇಳಿ. 1966ರಲ್ಲಿ ಯುನೆಸ್ಕೊ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಶಿಕ್ಷಕರ ಸ್ಥಾನಮಾನದ ಬಗ್ಗೆ ಒಂದು ಶಿಫಾರಸು ಹೊರಡಿಸಿದವು. ಪ್ರೊಬೇಷನ್ ಎಂಬುದು ಹೊಸಬರಿಗೆ ಉತ್ತೇಜನ ಕೊಟ್ಟು ಕೈಹಿಡಿದು ಕೆಲಸಕ್ಕೆ ತರುವ ಅವಕಾಶ ಎಂದು ಅದರಲ್ಲಿದೆ. ತಪಾಸಣೆ ಶಿಕ್ಷಕರ ಸ್ವಾತಂತ್ರ್ಯವನ್ನೂ ಹೊಣೆಗಾರಿಕೆಯನ್ನೂ ಕುಗ್ಗಿಸಬಾರದು ಎಂದೂ ಇದೆ. ನಾವು ಪ್ರೊಬೇಷನ್ ಅನ್ನು ತೂಗುಗತ್ತಿ ಮಾಡಿದ್ದೇವೆ.

ಇನ್ನೊಂದು ಮಾತು, ಸಿಟ್ಟಾಗಬೇಡಿ. ನಿಮ್ಮ ಟೈಮ್‌ಟೇಬಲ್ ತೆಗೆದು ನೋಡಿ. ಅತ್ಯಂತ ಕಷ್ಟದ ಡಿವಿಷನ್ ಯಾರಿಗೆ? ಬಾರದವರ ಬದಲಿಗೆ ಹೋಗುವ ಪ್ರಾಕ್ಸಿ ಪಿರಿಯಡ್ ಯಾರಿಗೆ? ಸ್ನೇಹಸಮ್ಮೇಳನದ ಡೆಕೊರೇಷನ್, ಪುಸ್ತಕ ಹಂಚುವುದು, ಊಟದ ರಜೆಯ ಡ್ಯೂಟಿ? ಎಲ್ಲ ಶಾಲೆಗಳಲ್ಲೂ ಹೊಸಬರ ಹೆಸರೇ ಇರುತ್ತದೆ, ಹಿರಿಯಳಾಗಿ ನಾನೂ ಹಾಗೆ ಹಂಚಿದ್ದೇನೆ. ಯೋಚಿಸಲು ಒಂದು ಖಾಲಿ ಪಿರಿಯಡ್ ಇಲ್ಲದವರಿಂದ ಒಳ್ಳೆಯ ಟಾಚಣ ಎಲ್ಲಿಂದ ಬರಬೇಕು? ವಾರಕ್ಕೊಂದು ದಿನ ಅವರ ಪಿರಿಯಡ್ ನೀವೇ ತೆಗೆದುಕೊಂಡು, ಅವರನ್ನು ನಿಮ್ಮ ಒಳ್ಳೆಯ ಟೀಚರೊಬ್ಬರ ತರಗತಿಯ ಕೊನೆಯ ಬೆಂಚಿಗೆ ಕಳುಹಿಸಿ.

ಮಗಳಿಗೆ ಮಡಗಾಂವಿನ ಎರಡು ಶಾಲೆಗಳಿಂದ ಇಂಟರ್‌ವ್ಯೂಗೆ ಕರೆ ಬಂದಿದೆ. ಸಂಬಳ ಹೆಚ್ಚುಕಡಿಮೆ ಒಂದೇ. ಯಾವುದು ಒಳ್ಳೆಯದೆಂದು ತಿಳಿಯುವುದು ಹೇಗೆ? — ಒಬ್ಬ ತಂದೆ, ವಾಸ್ಕೊ

ಇಂಟರ್‌ವ್ಯೂಗೆ ಅರ್ಧ ಗಂಟೆ ಮೊದಲೇ ಹೋಗಲಿ. ಸಿಪಾಯಿಯ ಹತ್ತಿರ ನೀರು ಕೇಳಿ ಸ್ಟಾಫ್‌ರೂಮಿನ ಬಾಗಿಲ ಬಳಿ ಕೂರಲಿ. ಒಳಗೆ ಮಾತು ಮಕ್ಕಳದೋ, ರಜೆಯ ಲೆಕ್ಕದ್ದೋ, ಅಥವಾ ಮಾತೇ ಇಲ್ಲವೋ, ಕಿವಿಗೆ ಬೀಳುತ್ತದೆ. ಗೋಡೆ ನೋಡಲಿ: ಅಚ್ಚು ಹಾಕಿಸಿದ ಚಾರ್ಟುಗಳೇ ಇವೆಯೋ, ಮಕ್ಕಳ ಸೊಟ್ಟ ಅಕ್ಷರಕ್ಕೂ ಜಾಗ ಇದೆಯೋ. ಕೊನೆಗೆ "ನಿಮಗೇನಾದರೂ ಕೇಳುವುದಿದೆಯೇ?" ಎಂದು ಅವರು ಕೇಳಿದಾಗ ಸಂಬಳ ಎತ್ತಬೇಡ ಎನ್ನಿ, ಅದು ಹೇಗೂ ಪತ್ರದಲ್ಲಿರುತ್ತದೆ. "ಕಳೆದ ವರ್ಷ ನಿಮ್ಮ ಟೀಚರುಗಳು ಹೊಸದಾಗಿ ಮಾಡಿ ನೋಡಿ ಸರಿಹೋಗದ ಒಂದು ವಿಷಯ ಹೇಳುತ್ತೀರಾ?" ಎಂದು ಕೇಳಲಿ. ಎದುರು ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ನಮಸ್ಕಾರ ಹೇಳಿ ಬರಲಿ. ನಕ್ಕು ಒಂದು ಕಥೆ ಶುರು ಮಾಡಿದರೆ ಸೇರಿಬಿಡಲಿ.